ಕಲ್ಲೇಶ್ವರನ ಏಣಿ

ಹುಣಸೆಕೊಪ್ಪದ ಗುಡಿಯ ಏಣಿಗೆ ಲಿಂಗ ಕಟ್ಟಿರಲಿಲ್ಲ, ಅಷ್ಟೇ. ಉಳಿದ ಮರ್ಯಾದೆಯೆಲ್ಲ ಅದಕ್ಕೆ ನಡೆಯುತ್ತಿತ್ತು. ಕಲ್ಲೇಶ್ವರನ ಗುಡಿಯ ಮುಂದಿನ ದೀಪದ ಕಂಬ ಹತ್ತುವ ಏಣಿ ಅದು. ಹೊನ್ನೆ ಮರದ್ದು, ಎತ್ತಿ ನಿಲ್ಲಿಸಲು ನಾಲ್ಕು ಜನ ಬೇಕು. ವರ್ಷವಿಡೀ ಗುಡಿಯ ಮಾಡಿನಡಿ ಮಲಗಿರುತ್ತಿತ್ತು. ಕಾರ್ತಿಕ ಬಂತೆಂದರೆ ಅದಕ್ಕೆ ಸ್ನಾನ, ವಿಭೂತಿ, ಹೂವು. ಆಮೇಲೆ ಕಂಬದ ಬುಡದ ಕಲ್ಲಿನಲ್ಲಿ ಕೆತ್ತಿದ್ದ ಎರಡು ಕುಳಿಗಳಲ್ಲಿ ಅದರ ಕಾಲುಗಳನ್ನು ಕೂರಿಸಿ ನಿಲ್ಲಿಸುವರು. ಮಿಂದು ಮಡಿಯುಟ್ಟವನು ಒಬ್ಬನೇ ಹತ್ತಬೇಕು. ಕೆಳಗೆ ಯಾರೂ ಅದನ್ನು ಹಿಡಿದುಕೊಳ್ಳಬಾರದು. ದೇವರೇ ಹಿಡಿದಿರುವಾಗ ಮನುಷ್ಯ ಕೈ ಹಾಕಿದರೆ ದೇವರ ಮೇಲೆ ಸಂಶಯಪಟ್ಟಂತೆ ಎಂದು ಊರಿನ ತೀರ್ಮಾನ. ಆ ಏಣಿಯಿಂದ ಇಲ್ಲಿಯತನಕ ಒಬ್ಬನೂ ಬಿದ್ದಿಲ್ಲ ಎಂದು ಮುದುಕರು ಎದೆ ತಟ್ಟಿ ಹೇಳುತ್ತಿದ್ದರು. ಹೌದು, ಬಿದ್ದಿರಲಿಲ್ಲ. ಕಲ್ಲಿನ ಕುಳಿಯಲ್ಲಿ ಕಾಲೂರಿ ನಿಂತ ಏಣಿ ಎಲ್ಲಿಗೆ ಹೋದೀತು? ಆದರೆ ಆ ಕುಳಿಗಳಿಗೆ ಒಂದು ಹೂವು ಏರಿಸಿದವರು ಯಾರೂ ಇರಲಿಲ್ಲ.

ಬನವಾಸಿ ದಾಟಿ ಮೂಡಲಿಗೆ ಹೋದರೆ ಬಯಲಿನ ಅಂಚಿಗೆ ಸಿಗುವ ಊರು ಹುಣಸೆಕೊಪ್ಪ. ಐವತ್ತೆಂಟನೆಯ ಇಸವಿ. ಮುಂಬೈ ಸರಕಾರದ ಕೈಯಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದ ಹುರುಪು ಇನ್ನೂ ಇಳಿದಿರಲಿಲ್ಲ. ಆ ಹುರುಪಿನಲ್ಲೇ ಊರಿಗೊಂದು ಶಾಲೆ ಮಂಜೂರಾಯಿತು. ಸರಕಾರ ಮಂಗಳೂರು ಹಂಚು ಕೊಟ್ಟಿತು, ಸಿಮೆಂಟು ಕೊಟ್ಟಿತು, ಮೈ ಮುರಿಯುವ ಕೆಲಸಕ್ಕೆ ಶ್ರಮದಾನ ಎಂಬ ಚೆಂದದ ಹೆಸರಿಟ್ಟು ಊರವರ ತಲೆಗೆ ಕಟ್ಟಿತು. ಅದನ್ನು ನೋಡಿಕೊಳ್ಳಲು ಶಿರಸಿಯಿಂದ ಕಮಲಾಕರ ಎಂಬ ಗ್ರಾಮಸೇವಕ ಬಂದ. ಬಿಳಿ ಅಂಗಿ, ಸೈಕಲ್ಲು, ಮಾತಿಗೊಮ್ಮೆ ರಾಷ್ಟ್ರನಿರ್ಮಾಣ. ಊರ ಗೌಡ ಮಧುಕೇಶ್ವರಪ್ಪ ಶಾಲಾ ಸಮಿತಿಯ ಅಧ್ಯಕ್ಷನಾದ. ಇಡೀ ಊರು ಮಣ್ಣು ಹೊತ್ತಿತು, ಕಲ್ಲು ಹೊತ್ತಿತು. ಈ ಇಬ್ಬರ ಕೈಗೆ ಮಾತ್ರ ಮಣ್ಣು ಮೆತ್ತಲಿಲ್ಲ.

ಮುರಿಗೆವ್ವನ ಗಂಡ ಶಂಕ್ರಪ್ಪ ಒಕ್ಕಲುತನದವನು. ಹಂಚಿನ ಕೆಲಸದಲ್ಲೂ ಪಳಗಿದ ಕೈ. ಮಳೆಗಾಲಕ್ಕೆ ಮುಂಚೆ ಊರಿನ ಮಾಡುಗಳನ್ನೆಲ್ಲ ಹತ್ತಿ ಒಡೆದ ಹಂಚು ಬದಲಿಸುತ್ತಿದ್ದವನು ಅವನೇ. ಯಾರ ಮನೆಗೆ ಏಣಿ ಹೊತ್ತು ಹೋದರೂ ಮೊದಲು ಹಾರೆ ಕೇಳುವನು. ಏಣಿಯ ಕಾಲಿಗೆ ಎರಡು ಕುಳಿ ತೋಡಿ, ಮೊದಲ ಸಲ ಹತ್ತುವಾಗ ಹೆಂಡತಿಯನ್ನೋ ತಮ್ಮನನ್ನೋ ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿ, ಮೇಲೆ ಹೋದೊಡನೆ ತುದಿಯನ್ನು ತೊಲೆಗೆ ಬಿಗಿಯುವನು. ಅಷ್ಟಾಗುವ ತನಕ ಯಾರು ಎಷ್ಟೇ ಅವಸರ ಮಾಡಿದರೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಅವನು ಮಾಡು ಹತ್ತುವ ಮೊದಲು ಬಾವಿ ತೋಡುತ್ತಾನೆ ಎಂದು ಓರಗೆಯವರು ಗೇಲಿ ಮಾಡಿದರೆ ತಾನೂ ಸೇರಿ ನಗುತ್ತಿದ್ದ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅದಕ್ಕೂ ಓರಗೆಯವರು ಏನೇನೋ ಹೇಳುತ್ತಿದ್ದರು, ಅದಕ್ಕೆ ಮಾತ್ರ ಅವನು ನಗುತ್ತಿರಲಿಲ್ಲ. ಮುರಿಗೆವ್ವನಿಗೆ ಅವನ ಮೇಲಿದ್ದ ಪ್ರೀತಿಗೆ ಅದೂ ಒಂದು ಕಾರಣ.

ಶಾಲೆಯ ಗೋಡೆ ಊರ ಮನೆಗಳಿಗಿಂತ ಎತ್ತರ. ಹಿಂದುಗಡೆ ಹಳ್ಳದ ಇಳಿಜಾರು, ಎರಡೂ ಬದಿಗೆ ಮಣ್ಣು ತೆಗೆದ ಹೊಂಡ. ಮಾಡು ಹತ್ತುವುದಿದ್ದರೆ ಮುಂದಿನ ಕಟ್ಟೆಯ ಮೇಲಿಂದಲೇ. ಬಿದಿರೇಣಿಗಳು ಅಲ್ಲಿಗೆ ನಿಲುಕಲಿಲ್ಲ. ಆಗ ಗೌಡನಿಗೆ ಕಲ್ಲೇಶ್ವರನ ಏಣಿ ನೆನಪಾಯಿತು. ಗುಡಿಯ ಅಯ್ಯ ಚನ್ನಯ್ಯ ಮೊದಲು ಹಿಂದೆಮುಂದೆ ನೋಡಿದ. ಶಾಲೆಯೂ ಸರಸ್ವತಿಯ ಗುಡಿಯೇ ಎಂದು ಗೌಡ ಹೇಳಿದ ಮೇಲೆ ಒಪ್ಪಿದ. ಏಣಿಯನ್ನು ಡೊಳ್ಳು ಬಾರಿಸಿಕೊಂಡು ಮೆರವಣಿಗೆಯಲ್ಲಿ ತಂದರು. ಕುಳಿಯಿದ್ದ ಕಲ್ಲನ್ನು ಗುಡಿಯಲ್ಲೇ ಬಿಟ್ಟು ಬಂದರು.

ಆ ಕಟ್ಟೆಯೆಂದರೆ ಕಮಲಾಕರನ ಪ್ರಾಣ. ಊರಿನಲ್ಲೇ ಮೊದಲ ಸಿಮೆಂಟಿನ ನೆಲ. ಗಾರೆಯವನು ಅದನ್ನು ಉಜ್ಜಿ ಉಜ್ಜಿ ಮುಖ ಕಾಣುವಷ್ಟು ನುಣುಪು ಮಾಡಿದ್ದ. ಬಸವಜಯಂತಿಯ ದಿನ ಮಂತ್ರಿಗಳು ಬಂದು ಅದರ ಮೇಲೆ ನಿಂತು ಭಾಷಣ ಮಾಡುವವರಿದ್ದರು. ಶಂಕ್ರಪ್ಪ ಆ ನೆಲದ ಮೇಲೆ ಅಂಗಾಲು ಉಜ್ಜಿ ನೋಡಿ ತಲೆ ಕೆರೆದುಕೊಂಡ.

"ಗೌಡ್ರ, ನೆಲ ಭಾಳ ನುಣುಪ ಐತ್ರಿ. ಏಣಿ ಕಾಲಿಗೆ ಎರಡ ಸಣ್ಣ ಕುಣಿ ಹೊಡಕೊಂತೀನಿ," ಎಂದ.

ಗೌಡ ಬಾಯಿ ತೆರೆಯುವ ಮೊದಲೇ ಕಮಲಾಕರ ಓಡಿಬಂದ. "ಎಂತದು ಮಾರಾಯ! ಮೊನ್ನೆ ಮೊನ್ನೆ ಹಾಕಿದ ಸಿಮೆಂಟು. ಮಂತ್ರಿಗಳ ಕಾಲಬುಡದಲ್ಲಿ ಎರಡು ಗುಂಡಿ ತೋರಿಸೋದಾ?"

"ಹಂಗಾರ ಒಬ್ಬಾವ ಕೆಳಗಿನ ಮೆಟ್ಟಲ ಮ್ಯಾಲ ಕುಂದರ್ಲಿ. ಅಷ್ಟ ಸಾಕು."

ಈಗ ಚನ್ನಯ್ಯನ ಸರದಿ. "ದೇವರ ಏಣಿ ಮ್ಯಾಲ ಮುಕಳಿ ಊರಿ ಕುಂದರ್ತಾರೇನೋ? ಕಾರ್ತಿಕದಾಗ ಯಾರರ ಕುಂತದ್ದು ನೋಡಿಯೇನು? ನಂಬಿಕಿ ಇದ್ರ ಹತ್ತು, ಇಲ್ಲಂದ್ರ ಮನೀಗಿ ಹೋಗು."

"ತುದಿಗರ ಒಂದು ಹಗ್ಗ..."

"ದನಾ ಕಟ್ಟೂ ಹಗ್ಗ ದೇವರ ಏಣಿಗಿ?"

ಗೌಡ ಮೆಲ್ಲಗೆ ಶಂಕ್ರಪ್ಪನ ಹೆಗಲ ಮೇಲೆ ಕೈಯಿಟ್ಟ. "ಹತ್ತೋ ತಮ್ಮಾ. ಇಷ್ಟ ಮಂದಿ ಮುಂದ ದೇವರನ್ನ ಸಣ್ಣಾವನ್ನ ಮಾಡಬ್ಯಾಡ."

ಇಷ್ಟು ಮಂದಿಯಲ್ಲಿ ಮುರಿಗೆವ್ವನೂ ಇದ್ದಳು, ಗಾರೆ ಕಲಸಲು ನೀರು ಹೊರುತ್ತಿದ್ದಳು. ಗಂಡ ತನ್ನತ್ತ ಒಮ್ಮೆ ನೋಡಿದ್ದನ್ನು ಕಂಡಳು. ಆಮೇಲೆ ಅವನು ಏಣಿಗೆ ಹಣೆ ಮುಟ್ಟಿಸಿ ಹತ್ತಿದ.

ಒಂದೆರಡು ದಿನ ಏನೂ ಆಗಲಿಲ್ಲ. ಅವನು ಮೇಲೆ ಕೂತು ಹಗ್ಗಕ್ಕೆ ಬುಟ್ಟಿ ಕಟ್ಟಿ ಹಂಚು ಎಳೆದುಕೊಳ್ಳುತ್ತಿದ್ದ. ಏಣಿಯ ಮೇಲೆ ಒಬ್ಬನಿಗಿಂತ ಹೆಚ್ಚು ಮಂದಿ ಕಾಲಿಡುವಂತಿಲ್ಲದ್ದರಿಂದ ಮೇಲಿನ ಕೆಲಸವೆಲ್ಲ ಅವನೊಬ್ಬನದೇ. ಸಂಜೆ ರೊಟ್ಟಿ ಮುರಿಯುತ್ತ ಹೆಂಡತಿಗೆ ಹೇಳಿದ, "ಏಣಿ ನಡ್ಯಾಕ ಹತ್ತೈತಿ. ಹತ್ತಿದಾಗೊಮ್ಮೆ ಇಳಿದಾಗೊಮ್ಮೆ ಕೂದಲೆಳಿಯಷ್ಟ ಹಿಂದಕ್ಕ ಸರಿತೈತಿ."

"ನಾಳೆ ಹೋಗಬ್ಯಾಡ್ರಿ," ಎಂದಳು ಮುರಿಗೆವ್ವ.

"ಹೋಗಲಿಲ್ಲಂದ್ರ ಮೈಲಿಗ್ಯಾಗ್ಯಾನ, ಅದಕ್ಕ ಹೆದರ್ಯಾನ ಅಂತಾರ. ಇನ್ನೇನ, ನೆತ್ತಿ ಹಂಚ ಅಷ್ಟ ಉಳದಾವ."

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಶಂಕ್ರಪ್ಪ ಇಳಿಯಹೊರಟ. ಮಾಡಿನಂಚಿನಲ್ಲಿ ಬೋರಲಾಗಿ ತಿರುಗಿ ಒಂದು ಕಾಲನ್ನು ಏಣಿಯ ಮೇಲಿಟ್ಟ, ಇನ್ನೊಂದನ್ನೂ ಇಟ್ಟ. ಆಗಷ್ಟೇ ಕೊಡ ಇಳಿಸಿ ತಲೆಯೆತ್ತಿದ್ದ ಮುರಿಗೆವ್ವನ ಕಣ್ಣೆದುರಿಗೇ ಏಣಿಯ ಕಾಲುಗಳು ಸಿಮೆಂಟಿನ ಮೇಲೆ ಹಿಂದಕ್ಕೆ ಸರಿದವು. ಮೊದಲು ನಿಧಾನವಾಗಿ, ಆಮೇಲೆ ಒಮ್ಮೆಲೇ. ಏಣಿಯ ಪಕ್ಕದಲ್ಲಿ ಇಬ್ಬರು ಗಂಡಸರು ಹಂಚು ಜೋಡಿಸುತ್ತ ನಿಂತಿದ್ದರು. ಕೈ ಚಾಚಿ ಅದುಮಿದ್ದರೆ ನಿಲ್ಲುತ್ತಿತ್ತು. ಅವರು ಅದುಮಲಿಲ್ಲ. ಒಬ್ಬನಂತೂ "ಕಲ್ಲೇಶ್ವರಾ!" ಎಂದು ಕೈ ಮುಗಿದ. ಹಿಡಿಯಬೇಕಾದ ಕೈ ಮುಗಿದುಕೊಂಡಿತು, ಶಂಕ್ರಪ್ಪನ ತಲೆ ಕಟ್ಟೆಯ ಕಲ್ಲಂಚಿಗೆ ಬಡಿಯಿತು.

ಬನವಾಸಿಯ ದವಾಖಾನೆಗೆಂದು ಗಾಡಿ ಹೂಡುವಷ್ಟರಲ್ಲಿ ಅವನ ಉಸಿರು ನಿಂತಿತ್ತು. ಮುರಿಗೆವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಳು ಬರಲಿಲ್ಲ. ಕಟ್ಟೆಯ ನುಣುಪು ನೆಲದ ಮೇಲೆ ಏಣಿಯ ಕಾಲು ಎಳೆದ ಎರಡು ಬಿಳಿಯ ಗೀರುಗಳಿದ್ದವು, ಉದ್ದಕ್ಕೆ, ಗಾಡಿಯ ಜಾಡಿನಂತೆ. ಅವಳು ಅವನ್ನೇ ನೋಡುತ್ತಿದ್ದಳು. ಶಂಕ್ರಪ್ಪನನ್ನು ಮಣ್ಣು ಮಾಡಿ ಊರು ವಾಪಸಾಗುವ ಹೊತ್ತಿಗೆ ಗಾರೆಯವನು ಸಿಮೆಂಟಿನ ತಿಳಿ ಬಳಿದು ಗೀರುಗಳನ್ನು ಮುಚ್ಚಿಯಾಗಿತ್ತು. ಕಮಲಾಕರನೇ ಹೇಳಿ ಮಾಡಿಸಿದ್ದ. ರಾಷ್ಟ್ರನಿರ್ಮಾಣದಲ್ಲಿ ಗೀರು ಇರಬಾರದಲ್ಲ.

ಹೆಣಕ್ಕಿಂತ ದೊಡ್ಡ ತೊಡಕು ಆಮೇಲೆ ಶುರುವಾಯಿತು. ಏಣಿ ಕಟ್ಟೆಯ ಕೆಳಗೆ ಬಿದ್ದಿತ್ತು, ಮುಟ್ಟುವವರಿಲ್ಲ. ಶಾಲೆಯ ನೆತ್ತಿ ಬಾಯಿ ತೆರೆದುಕೊಂಡಿತ್ತು, ಹತ್ತುವವರಿಲ್ಲ. ಬಸವಜಯಂತಿ ಹತ್ತಿರ ಬರುತ್ತಿತ್ತು. ದೇವರ ಏಣಿ ಮನುಷ್ಯನನ್ನು ಕೆಡವಿತು ಎಂದರೆ ದೇವರ ಮಾನ ಏನಾಗಬೇಕು? ಏಣಿ ಕೆಡವಿಲ್ಲ, ಹತ್ತಿದವನಲ್ಲೇ ದೋಷವಿತ್ತು ಎಂದಾದರೆ ಎಲ್ಲ ಸಲೀಸು. ದೇವರೂ ಉಳಿದ, ಗೌಡನೂ ಉಳಿದ, ಸಿಮೆಂಟೂ ಉಳಿಯಿತು. ಹೋದವನು ಹೇಗೂ ಹೋದ.

ಸತ್ತವನ ಹೆಸರಿನ ಶಿವಗಣಾರಾಧನೆ ಮುಗಿದ ಮರುದಿನ ಮುರಿಗೆವ್ವನನ್ನು ಗುಡಿಗೆ ಕರೆಸಿದರು. ಜೊತೆಗೆ ಅತ್ತೆ ಕಲ್ಲವ್ವ, ಮೈದುನ ಫಕೀರಪ್ಪ. ಚನ್ನಯ್ಯ ನೇರವಾಗಿ ವಿಷಯಕ್ಕೆ ಬಂದ.

"ಅವತ್ತ ಮುಂಜಾನೆ ಅವಗ ರೊಟ್ಟಿ ಬಡದವರ್ಯಾರು?"

"ನಾನರಿ."

"ನೀ ಹೊರಗಾಗಿದ್ದೇನವ್ವಾ?"

ಇಷ್ಟು ಗಂಡಸರ ಮುಂದೆ ಹೀಗೆ ಕೇಳಿಸಿಕೊಂಡು ಮುರಿಗೆವ್ವನ ಮುಖಕ್ಕೆ ರಕ್ತ ನುಗ್ಗಿತು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ, ಮುಟ್ಟಿಲ್ಲ, ಮೈಲಿಗೆಯಿಲ್ಲ ಎಂದು ಶ್ರಾವಣದ ಪುರಾಣದಲ್ಲಿ ಇದೇ ಚನ್ನಯ್ಯ ಕೈಯೆತ್ತಿ ಹೇಳುತ್ತಿದ್ದ. ಶ್ರಾವಣ ಬರಲು ಇನ್ನೂ ತಿಂಗಳುಗಳಿದ್ದವು.

"ಇಲ್ರಿ. ಏಣಿ ಸಿಮೆಂಟಿನ ಮ್ಯಾಲ ಜಾರಿತ್ರಿ. ನಾ ಕಣ್ಣಾರೆ ನೋಡೀನಿ. ಗೀರು ಬಿದ್ದಿದ್ದವು."

"ಎಲ್ಲಿ ಅದಾವ ಗೀರು?" ಎಂದ ಗೌಡ.

ಅವಳು ಕಮಲಾಕರನ ಕಡೆ ತಿರುಗಿದಳು. "ನೀವೂ ನೋಡೀರಲ್ರೀ ಸಾಹೇಬ್ರ. ಅವರು ಕುಣಿ ಕೇಳಿದಾಗ ನೀವ ಬ್ಯಾಡಂದ್ರಿ. ಹೇಳ್ರಿ ಒಂದ ಮಾತು."

ಕಮಲಾಕರ ಕೈಗಡಿಯಾರ ನೋಡಿಕೊಂಡ. "ಜನರ ನಂಬಿಕೆ ವಿಷಯದಲ್ಲಿ ನಾನು ಬಾಯಿ ಹಾಕೋದು ಸರಿಯಾಗೂದಿಲ್ಲ ತಂಗಿ. ನಮಗೆ ಮೇಲಿನವರ ಸೂಚನೆ ಇರ್ತದೆ," ಎಂದ. ಓದು ಬಲ್ಲವನು. ಕಟ್ಟೆಯಲ್ಲಿ ಕುಳಿ ಹೊಡೆಯುವ ವಿಷಯದಲ್ಲಿ ಅವನ ಬಾಯಿ ಎಷ್ಟು ಚುರುಕಾಗಿ ಹಾಕಲ್ಪಟ್ಟಿತ್ತು ಎಂಬುದು ಅವಳಿಗೆ ನೆನಪಿತ್ತು.

"ಹಂಗಾರ ದೋಷ ಶಂಕ್ರಪ್ಪಂದ," ಎಂದ ಚನ್ನಯ್ಯ. "ಏನ ತಿಂದಿದ್ನೋ, ಎಲ್ಲಿ ಹೋಗಿದ್ನೋ. ಪಾಪದಾಗ ಸತ್ತ. ಅವನ ಗದ್ದುಗಿಗಿ ಯಾರೂ ಹೂ ಏರಸೂ ಹಂಗಿಲ್ಲ."

ಕಲ್ಲವ್ವ ಹೋ ಎಂದು ಅತ್ತಳು. ಗೌಡ ಎದ್ದು ಬಂದು ಮುರಿಗೆವ್ವನ ಹತ್ತಿರ ಕೂತ. ಅವನ ದನಿಯಲ್ಲಿ ಬೆಣ್ಣೆ ಇತ್ತು. "ನೋಡವ್ವಾ ತಂಗಿ, ಒಂದ ಮಾತು. ಗೊತ್ತಿಲ್ಲದ ಆತು ಅಂತ ಹೇಳಿಬಿಡು. ನೀ ಹೇಳಿದ್ರ ಅವನ ಮ್ಯಾಲಿನ ದೋಷ ಹೋಗತೈತಿ. ಶಾಲಿ ಕಲ್ಲಿನ ಮ್ಯಾಲ ಮಂತ್ರಿ ಹೆಸರಿನ ಕೆಳಗ ಶಂಕ್ರಪ್ಪನ ಹೆಸರ ಕೆತ್ತಸ್ತೀನಿ. ಊರ ಹುಡುಗ್ರು ದಿನಾ ಓದತಾವ."

ಕಲ್ಲವ್ವ ಸೊಸೆಯ ಎರಡೂ ಕೈ ಹಿಡಿದುಕೊಂಡಳು. "ನಿನ್ನ ಕಾಲಿಗಿ ಬೀಳ್ತೀನಿ ಮುರಿಗೀ. ನನ್ನ ಮಗಾ ಪಾಪದಾಗ ಸತ್ತಾ ಅನಸಬ್ಯಾಡ. ನಿಂದೇನ ಹೋಗತೈತಿ? ಹೆಣ್ಣಿನ ಮೈ, ತೊಳಕೊಂಡ್ರ ಹೋಗತೈತಿ."

ಮುರಿಗೆವ್ವ ಗರ್ಭಗುಡಿಯ ಕಡೆ ನೋಡಿದಳು. ಒಳಗೆ ಕತ್ತಲೆಯಲ್ಲಿ ಕಲ್ಲೇಶ್ವರ ತಣ್ಣಗೆ ಕೂತಿದ್ದ. ಶಂಕ್ರಪ್ಪನ ಹೆಸರಿಗೆ ಮಸಿ ಬಳಿಯಲು ಅವಳ ಮನಸ್ಸು ಒಪ್ಪಲಿಲ್ಲ. ಬದುಕಿದ್ದಾಗ ಅವನು ಅವಳನ್ನು ಬಂಜೆ ಎನ್ನಿಸಿಕೊಳ್ಳಲು ಬಿಡದವನು. ಸತ್ತ ಮೇಲೆ ಅವನನ್ನು ಪಾಪಿ ಎನ್ನಿಸಿಕೊಳ್ಳಲು ಬಿಡುವುದು ಹೇಗೆ?

"ಹೂಂರಿ," ಎಂದಳು. "ನಾ ಹೊರಗಾಗಿದ್ದೆ. ಹೇಳಲಿಲ್ಲ. ನಂದ ತಪ್ಪು."

ಗುಡಿಯಲ್ಲಿದ್ದವರೆಲ್ಲ ಉಸಿರು ಬಿಟ್ಟರು. ಅವಳಿಗೆ ಒದ್ದೆ ಸೀರೆಯಲ್ಲಿ ಏಣಿಯ ಸುತ್ತ ಸುತ್ತಿಸಿ, ಕಾಯಿ ಒಡೆಸಿ, ತಪ್ಪುಕಾಣಿಕೆ ಹಾಕಿಸಿದರು. ಏಣಿಗೆ ಸ್ನಾನವಾಯಿತು, ವಿಭೂತಿಯಾಯಿತು. ಚನ್ನಯ್ಯ ಆರತಿ ಎತ್ತಿ, ಏಣಿ ಈಗ ಹಾಲಿನಷ್ಟು ಶುದ್ಧ ಎಂದು ಸಾರಿದ. ಅದೇ ಉಸಿರಿಗೆ ಗೌಡ ಕೇಳಿದ, "ಹಂಗಾರ ನಾಳೆ ನೆತ್ತಿ ಹಂಚ ಮುಗಸಾವರು ಯಾರು?"

ಫಕೀರಪ್ಪ ಮುಂದೆ ಬಂದ. "ನಾ ಹತ್ತೀನ್ರಿ. ನಮ್ಮ ಮನಿಯಿಂದ ಆದದ್ದು, ನಾವ ಮುಗಸ್ತೀವಿ."

ತನ್ನ ಬಾಯಿಂದ ಬಂದ ಸುಳ್ಳು ಏನು ಮಾಡಿತೆಂದು ಮುರಿಗೆವ್ವನಿಗೆ ಆಗ ಹೊಳೆಯಿತು. ಸತ್ತವನ ಹೆಸರು ತೊಳೆಯಲು ಹೋಗಿ ಏಣಿಯನ್ನು ತೊಳೆದುಕೊಟ್ಟಿದ್ದಳು. ತೊಳೆದ ಏಣಿಗೆ ಮತ್ತೊಬ್ಬ ಬೇಕಾಗಿದ್ದ. ಅವನು ಅವಳು ಮದುವೆಯಾಗಿ ಬಂದಾಗ ಮೀಸೆ ಮೂಡದ ಹುಡುಗ, ಅವಳು ಬಡಿದ ರೊಟ್ಟಿ ತಿಂದೇ ಆಳಾದವನು.

ಮನೆಗೆ ಬರುತ್ತ ದಾರಿಯಲ್ಲೇ ಹೇಳಿ ನೋಡಿದಳು. "ಫಕೀರಾ, ನೆಲ ಜಾರತೈತೋ. ಎರಡ ಗೋಣಿಚೀಲರ ಹಾಸು. ತುದಿಗಿ ಹಗ್ಗ ಕಟ್ಟು. ನಿಮ್ಮಣ್ಣಾ ಏನ ಕಲಿಸಿದ್ದ ನಿನಗ?"

"ನಮ್ಮಣ್ಣನ್ನ ತಿಂದಾಕಿ ನೀ. ನನಗ ಏಣಿ ಹತ್ತೂದ ಕಲಿಸಬ್ಯಾಡ," ಎಂದ ಫಕೀರಪ್ಪ. ತನ್ನ ಬಾಯಿಂದಲೇ ಒಪ್ಪಿಕೊಂಡವಳ ಮಾತಿಗೆ ಇನ್ನು ಆ ಊರಿನಲ್ಲಿ ಕಿಲುಬು ಕಾಸಿನ ಬೆಲೆ ಇರಲಿಲ್ಲ.

ಬೆಳಿಗ್ಗೆ ಏಣಿಯನ್ನು ಅದೇ ಜಾಗದಲ್ಲಿ ನಿಲ್ಲಿಸಿದರು. ಊರೆಲ್ಲ ಸೇರಿತ್ತು. ಫಕೀರಪ್ಪ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದ, ಕಲ್ಲೇಶ್ವರನ ಹೆಸರು ಕೂಗಿ ಹತ್ತಿದ. ಮುರಿಗೆವ್ವ ಕಟ್ಟೆಯ ಮೂಲೆಯಲ್ಲಿ ನಿಂತು ಏಣಿಯ ಕಾಲುಗಳನ್ನೇ ನೋಡುತ್ತಿದ್ದಳು. ಅವನು ಅರ್ಧ ಹತ್ತಿದಾಗ ಅವು ಒಂದು ಬೆರಳಗಲ ಸರಿದವು. ಹೊಸದಾಗಿ ಬಳಿದ ಸಿಮೆಂಟಿನ ಮೇಲೆ ಎರಡು ಬಿಳಿ ಚುಕ್ಕೆ ಮೂಡಿದವು. ಸುತ್ತ ನಿಂತವರಲ್ಲಿ ಯಾರೂ ಕೆಳಗೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಮೇಲೆ, ದೇವರ ಪವಾಡದ ಮೇಲೆ.

ಅವನು ಮಾಡಿನ ಮೇಲೆ ಕಾಲಿಟ್ಟ ಮೇಲೂ ಅವಳಿಗೆ ಸಮಾಧಾನವಾಗಲಿಲ್ಲ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಎಂಬುದನ್ನು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಹಂಚು ಜೋಡಿಸುವ ಸದ್ದು ಮೇಲೆ ಸಾಗುತ್ತ ಹೋಯಿತು. ಬಿಸಿಲೇರಿತು. ನೆತ್ತಿಯ ಕೊನೆಯ ಹಂಚು ಕೂತಾಗ ಊರು ಚಪ್ಪಾಳೆ ತಟ್ಟಿತು. ಫಕೀರಪ್ಪ ಮಾಡಿನಂಚಿಗೆ ತೆವಳಿ ಬಂದು ಬೋರಲಾಗಿ ತಿರುಗಿದ. ಅವನ ಅಂಗಾಲು ಏಣಿಯನ್ನು ತಡಕಾಡುತ್ತಿತ್ತು.

ಮುರಿಗೆವ್ವ ನಡೆದು ಹೋಗಿ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಎರಡೂ ಹಿಮ್ಮಡಿಗಳನ್ನು ಸಿಮೆಂಟಿಗೆ ಊರಿ, ಮೈಭಾರವನ್ನೆಲ್ಲ ಬಿಟ್ಟು ಕೂತಳು. ಗಂಡನಿಗಾಗಿ ಎಷ್ಟೋ ಮನೆಗಳ ಅಂಗಳದಲ್ಲಿ ಹೀಗೆಯೇ ಕೂತಿದ್ದಳು. ಆಗ ಯಾರೂ ಏನೂ ಅಂದಿರಲಿಲ್ಲ.

ಬಳೆ ಒಡೆದ ಹೆಂಗಸು, ಮೈಲಿಗೆ ಮಾಡಿದೆನೆಂದು ನಿನ್ನೆಯಷ್ಟೇ ಒಪ್ಪಿಕೊಂಡವಳು, ದೇವರ ಏಣಿಯ ಮೇಲೆ! ಚನ್ನಯ್ಯ "ಏಳಾ! ಏಳಾ!" ಎಂದು ಕಿರುಚಿದ. ಮುಟ್ಟಿ ಎಳೆಯುವಂತಿಲ್ಲ, ಮುಟ್ಟಿದರೆ ತಾನೂ ಮೈಲಿಗೆ. ಗೌಡ ಹೆಂಗಸರ ಕಡೆ ಕೈ ಮಾಡಿದ, ಹೆಂಗಸರು ಅಲುಗಲಿಲ್ಲ. ಕಲ್ಲವ್ವ ಹರಿದು ಬಂದಳು. "ರಂಡೇ, ಇದ್ದೊಬ್ಬನ್ನೂ ತಿನ್ನಾಕ ಕುಂತಿಯೇನ?" ಎಂದು ಸೊಸೆಯ ತುರುಬಿಗೆ ಕೈ ಹಾಕಿದಳು. ಆಗ ಮೇಲಿಂದ ಫಕೀರಪ್ಪನ ಪೂರ್ತಿ ಭಾರ ಏಣಿಯ ಮೇಲೆ ಬಿತ್ತು. ಏಣಿ ಕಿರ್ರೆಂದಿತು. ಮುರಿಗೆವ್ವನ ಹಿಮ್ಮಡಿಯ ಕೆಳಗೆ ಸಿಮೆಂಟು ತರಚಿತು, ಅವಳು ಹಲ್ಲು ಕಚ್ಚಿ ಅದುಮಿದಳು. ಏಣಿ ನಿಂತಿತು. ಕಲ್ಲವ್ವ ಆ ಸದ್ದು ಕೇಳಿದಳು. ತುರುಬಿನ ಮೇಲಿದ್ದ ಅವಳ ಕೈ ಸಡಿಲವಾಯಿತು. ಮೇಲೆ ಮಗನ ಕಾಲುಗಳ ಕಡೆ ನೋಡಿದಳು, ಕೆಳಗೆ ಸೊಸೆಯ ಹಿಮ್ಮಡಿಯಿಂದ ಹರಿಯುತ್ತಿದ್ದ ರಕ್ತ ನೋಡಿದಳು. ಆಮೇಲೆ ಎಲ್ಲರಿಗೂ ಬೆನ್ನು ಮಾಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ಎಳೆಯಲೂ ಇಲ್ಲ, ಒಂದು ಮಾತು ಆಡಲೂ ಇಲ್ಲ. ಕಂಡದ್ದನ್ನು ಆ ದಿನವೂ ಹೇಳಲಿಲ್ಲ, ಮುಂದೆ ಎಂದೂ ಹೇಳಲಿಲ್ಲ.

ಫಕೀರಪ್ಪ ಇಳಿದ. ಅವನ ಕಾಲು ನೆಲ ಮುಟ್ಟಿದ ಮೇಲೆಯೇ ಮುರಿಗೆವ್ವ ಎದ್ದದ್ದು. ಅವಳನ್ನು ನೋಡಿ ಅವನ ಮುಖದ ವಿಭೂತಿಯ ನಡುವೆ ಬಣ್ಣ ಇಳಿದು ಹೋಯಿತು. ಕೈಯೆತ್ತಿ ಕೆನ್ನೆಗೆ ಬಾರಿಸಿದ. "ನಾನೂ ಸಾಯ್ತಿದ್ನಲ್ಲಬೇ!" ಎಂದು ಕೂಗಿದ. ಅವನು ನಡುಗುತ್ತಿದ್ದ. ಸಾಯಬೇಕಾದವನು ತನ್ನೆದುರು ನಿಂತು ನಡುಗುವುದನ್ನು, ಬಯ್ಯುವುದನ್ನು, ಉಸಿರಾಡುವುದನ್ನು ನೋಡುತ್ತ ಮುರಿಗೆವ್ವ ನಿಂತಳು. ಗಂಡ ಸತ್ತಂದಿನಿಂದ ಬಾರದ ಅಳು ಆಗ ಬಂತು. ತಪ್ಪಿಗೆ ಅಳುತ್ತಿದ್ದಾಳೆಂದು ಊರು ತಿಳಿಯಿತು.

ಪಂಚರು ಬಹಳ ಹೊತ್ತು ಕೂರಬೇಕಾಗಲಿಲ್ಲ. ಇಂಥ ಹೆಂಗಸು ಊರಲ್ಲಿರುವುದು ಬೇಡ, ಮನೆಯವರು ಕಿರವತ್ತಿಯ ತವರಿಗೆ ಕಳಿಸಿಬಿಡಲಿ ಎಂದರು. ಮೈಲಿಗೆಯವಳು ಮೇಲೆ ಕೂತರೂ ಕಲ್ಲೇಶ್ವರ ಫಕೀರಪ್ಪನನ್ನು ಕೈಬಿಡಲಿಲ್ಲ ಎಂಬ ಸುದ್ದಿ ಬನವಾಸಿಯವರೆಗೆ ಹಬ್ಬಿತು. ಬಸವಜಯಂತಿಗೆ ಮಂತ್ರಿಗಳು ಬಂದರು, ಕಟ್ಟೆಯ ಮೇಲೆ ನಿಂತು ಶ್ರಮದಾನದ ಮಹಿಮೆ ಹೇಳಿದರು. ಕಲ್ಲಿನ ಮೇಲೆ ಮಂತ್ರಿಗಳ ಹೆಸರಿತ್ತು, ಗೌಡನ ಹೆಸರಿತ್ತು. ಮೂರನೆಯ ಹೆಸರು ಇರಲಿಲ್ಲ. ಅಂಥವಳ ಗಂಡನ ಹೆಸರನ್ನು ಸರಸ್ವತಿಯ ಗುಡಿಯ ಮೇಲೆ ಹೇಗೆ ಕೆತ್ತಿಸಲಿ ಎಂದು ಗೌಡ ಕಲ್ಲವ್ವನಿಗೆ ಬೆಣ್ಣೆಯ ದನಿಯಲ್ಲೇ ಹೇಳಿದ.

ಅದರ ಮರುದಿನ ಫಕೀರಪ್ಪ ಅತ್ತಿಗೆಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಬನವಾಸಿಗೆ ಬಂದ. ಅಲ್ಲಿಂದ ಮುಂದೆ ಅವಳೊಬ್ಬಳೇ ಹೋಗಬೇಕು, ಶಿರಸಿಯ ಬಸ್ಸು, ಶಿರಸಿಯಿಂದ ಯಲ್ಲಾಪುರದ ಬಸ್ಸು. ಗಾಡಿಯ ದಾರಿಯುದ್ದಕ್ಕೂ ಅವನು ಎತ್ತುಗಳ ಜೊತೆ ಮಾತ್ರ ಮಾತಾಡಿದ. ಗಂಟು ಇಳಿಸಿಕೊಡುವಾಗ, ಹೋಗುವವಳಿಗೆ ಒಂದು ಒಳ್ಳೆಯ ಮಾತು ಹೇಳಬೇಕೆನ್ನಿಸಿತೋ ಏನೋ, ಅಂದ, "ದೇವರು ದೊಡ್ಡಾವ ಅತ್ತಿಗಿ. ನೀ ಅಷ್ಟ ಮಾಡಿದ್ರೂ ನನ್ನ ಕೂದಲ ಕೊಂಕಲಿಲ್ಲ. ಇನ್ನ ನನಗ ಹೆದರಿಕಿನ ಇಲ್ಲ. ಚಾವಡಿ ಹಂಚೂ ನನಗ ಹೇಳ್ಯಾರ ಗೌಡ್ರು. ಅದ ಏಣಿ ಹಚ್ಚಿ."

ಚಾವಡಿಯ ಮುಂದೆ ಹಾಸುಗಲ್ಲಿತ್ತು. ದಿನವೂ ಜನ ಕೂತೆದ್ದು ಕನ್ನಡಿಯಾದ ಹಾಸುಗಲ್ಲು. ಮುರಿಗೆವ್ವ ಬಸ್ಸಿನ ಮೆಟ್ಟಿಲ ಮೇಲಿಟ್ಟ ಕಾಲನ್ನು ಕೆಳಗಿಟ್ಟಳು. ಇನ್ನು ಮುಚ್ಚಿಡಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ.

"ಫಕೀರಾ, ಕೇಳು. ನಾ ಸುಳ್ಳ ಹೇಳಿದ್ದೆ. ಅವತ್ತ ನಾ ಹೊರಗಾಗಿರಲಿಲ್ಲ. ನನಗೂ ಮೈಲಿಗಿ ಇರಲಿಲ್ಲ, ನಿಮ್ಮಣ್ಣಗೂ ಇರಲಿಲ್ಲ. ಬರೇ ಏಣಿ ಜಾರಿತಪ್ಪಾ. ನಿನ್ನ ಕಾಲ ಹಿಡಿತೀನಿ, ಕುಣಿ ತೋಡದ ಹತ್ತಬ್ಯಾಡ."

ಆ ಮಾತು ಫಕೀರಪ್ಪನೊಳಗೆ ಇಳಿಯುವುದನ್ನು ಅವಳು ಕಂಡಳು. ಒಂದು ಕ್ಷಣ ಅವನ ಹುಬ್ಬಿನ ನಡುವೆ ಅಣ್ಣನಿಗಿದ್ದಂಥದೇ ಗೆರೆ ಮೂಡಿತು. ಅವಳಿಗೆ ಆಸೆ ಹುಟ್ಟಿತು.

"ಅಂದ್ರ ಗುಡ್ಯಾಗ, ಕಲ್ಲೇಶ್ವರನ ಮುಂದ ನಿಂತು ಸುಳ್ಳ ಹೇಳಿದಿ?" ಎಂದ ನಿಧಾನವಾಗಿ. "ಇಂಥಾಕಿ ಕೈಯಾಗ ಉಂಡಾನ ನಮ್ಮಣ್ಣ, ಆರು ವರ್ಷ. ಈಗ ತಿಳೀತ ನನಗ, ಅವ ಯಾಕ ಬಿದ್ದಾ ಅಂತ."

ಅವನು ಗಾಡಿ ಹತ್ತಿ ಎತ್ತುಗಳ ಬಾಲ ತಿರುವಿದ. ಹೊತ್ತಿರುವಾಗಲೇ ಊರು ಸೇರಬೇಕಾಗಿತ್ತು. ಬೆಳಗಾದರೆ ಚಾವಡಿಯ ಕೆಲಸವಿತ್ತು.